ಕೊರಳ ಸೆರೆ

ದೇಹದ ಅವಯವಗಳ ಪೈಕಿ ಕನ್ನಡ ನುಡಿ ಬಹುವಾಗಿ ಮುದ್ದಿಸಿರುವುದು ಕೊರಳನ್ನು ಎಂದರೆ ಉತ್ಪ್ರೇಕ್ಷೆಯಾಗದು. ಕೊರಳು, ಕತ್ತು, ಕುತ್ತಿಗೆ, ಗೋಣು, ಗಂಟಲು: ಹೆಸರು ಹಲವು, ಒಂದೊಂದಕ್ಕೂ ಅದರದೇ ಆದ ಸಂದರ್ಭ. ಹಾರ ಹಾಕುವಾಗ, ಹಾಡುವಾಗ ಅದು ಕೊರಳು, ಹಿಸುಕುವಾಗ ಕತ್ತು, ಸಾಲಗಾರ ಬಂದು ಕುಳಿತಾಗ ಕುತ್ತಿಗೆ, ಮನಸ್ಸಿಲ್ಲದಿದ್ದರೂ ಒಪ್ಪಿಕೊಂಡಾಗ ಆಡಿಸುವುದು ಗೋಣು. ದುಃಖ ಉಕ್ಕಿದಾಗ ಬಿಗಿಯುವುದು ಕೊರಳ ಸೆರೆ. ಈ 'ಸೆರೆ' ಸಂಸ್ಕೃತದ 'ಸಿರಾ' ಶಬ್ದದ ತದ್ಭವವೇ ಹೊರತು ಕಾರಾಗೃಹವೂ ಅಲ್ಲ, ಮಾದಕದ್ರವ್ಯವೂ ಅಲ್ಲ ಎಂದು ತರಗತಿಯಲ್ಲಿ ತಿಳಿಯಹೇಳುವುದರಲ್ಲಿಯೇ ನನ್ನ ಅರ್ಧ ಪೀರಿಯಡ್ಡು ಕಳೆದುಹೋದ ದಿನಗಳುಂಟು.

ಇಂದು ನಾನು ಬರೆಯಹೊರಟಿರುವುದು ಕಾವ್ಯದ ಸೆರೆಯನ್ನು ಕುರಿತಲ್ಲ. ರಕ್ತ ಹರಿಯತಕ್ಕ ನಿಜವಾದ ಸೆರೆಯನ್ನು, ಅದರ ಗೋಡೆಯನ್ನು, ಆ ಗೋಡೆ ಒಳಗಿನಿಂದ ಸೀಳುವ ಬಗೆಯನ್ನು ಕುರಿತು. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏತಕ್ಕೆಂದು ಕೇಳುವವರು ಕೇಳಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಸೀಮೆಯಲ್ಲಿ ಕತ್ತು ನೋವೆಂದರೆ ಯಾರೂ ಆಸ್ಪತ್ರೆಯನ್ನು ನೆನೆಯುವುದಿಲ್ಲ. 'ಉಳುಕಿರಬೇಕು, ತೆಗೆಸು' ಎನ್ನುತ್ತಾರೆ. ಉಳುಕು ತೆಗೆಯಬಲ್ಲವರು ಊರಿಗೊಬ್ಬರಾದರೂ ಇದ್ದಾರೆ. ಇಲ್ಲವಾದರೆ ಪೇಟೆಯ ಕ್ಷೌರದಂಗಡಿ ಇದ್ದೇ ಇದೆ. ಕ್ಷೌರ ಮುಗಿದ ಮೇಲೆ ನೆತ್ತಿಗೆ ನಾಲ್ಕು ತಟ್ಟು ತಟ್ಟಿ, ಗಲ್ಲವನ್ನೊಂದು ಕೈಯಲ್ಲೂ ಹೆಡತಲೆಯನ್ನೊಂದು ಕೈಯಲ್ಲೂ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ಕೆಂದು ತಿರುಗಿಸಿದರೆ ನೆಟಿಗೆ ಹೋಗುತ್ತದೆ, ಮೈ ಹಗುರವಾಗುತ್ತದೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಅದೊಂದು ಉಪಚಾರ, ಪರಿಚಯದ ಗಿರಾಕಿಗೆ ತೋರುವ ವಿಶ್ವಾಸ. ಆದರೆ ಕತ್ತಿನ ನೋವು ಕೆಲವು ವೇಳೆ ಸ್ನಾಯುವಿನದಾಗಿರದೆ ಧಮನಿಯದಾಗಿರುತ್ತದೆ. ಆಗ ಈ ವಿಶ್ವಾಸ ಬಹಳ ದುಬಾರಿಯಾಗಿ ಪರಿಣಮಿಸಬಹುದು.

ಕೊರಳಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ನಾಲ್ಕು. ಮುಂಭಾಗದ ಇಕ್ಕೆಲಗಳಲ್ಲಿ ಎರಡು. ಬೆರಳಿಟ್ಟರೆ ಮಿಡಿತ ಸಿಕ್ಕುವುದು ಇವುಗಳದೇ. ವೈದ್ಯರು ಇವನ್ನು ಕೆರಾಟಿಡ್ ಎನ್ನುತ್ತಾರೆ. ಈ ಹೆಸರಿನ ಮೂಲ ಗ್ರೀಕಿನ ಒಂದು ಶಬ್ದ; ಮಂಪರು, ಜಡನಿದ್ದೆ ಎಂದು ಅದರ ಅರ್ಥ. ಇವನ್ನು ಒತ್ತಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆಂದು ಪ್ರಾಚೀನ ಗ್ರೀಕರು ಕಂಡುಕೊಂಡಿದ್ದರು. ಹಿಂಭಾಗದಲ್ಲಿ ಇನ್ನೆರಡು, ಕತ್ತಿನ ಏಳು ಮಣಿಗಳ ಪೈಕಿ ಮೇಲಿನ ಆರು ಮಣಿಗಳ ಪಕ್ಕೆಯ ರಂಧ್ರಗಳೊಳಗೆ ಪೋಣಿಸಿದಂತೆ ಏರಿ, ಎಲ್ಲಕ್ಕೂ ಮೇಲಿನ ಮಣಿಯನ್ನು ಬಳಸಿ, ತಲೆಬುರುಡೆಯನ್ನು ಹೊಗುತ್ತವೆ. ಇವು ವರ್ಟಿಬ್ರಲ್ ಧಮನಿಗಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು ಹೃದಯ ಹೊರಹಾಕುವ ರಕ್ತದಲ್ಲಿ ಹೆಚ್ಚುಕಡಿಮೆ ಆರನೆಯ ಒಂದು ಪಾಲನ್ನು ಕೇಳುತ್ತದೆ. ಅಷ್ಟೂ ಹೋಗಬೇಕಾದದ್ದು ಈ ನಾಲ್ಕು ದಾರಿಗಳಲ್ಲಿ.

ಇಲ್ಲಿ ನಮ್ಮ ಸುಶ್ರುತನನ್ನು ನೆನೆಯದೆ ಮುಂದುವರಿಯುವುದು ಉಚಿತವಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನ ದೇಹದಲ್ಲಿ ನೂರೇಳು ಮರ್ಮಗಳನ್ನು ಎಣಿಸುತ್ತದೆ. ಕಂಠನಾಳದ ಎರಡು ಪಕ್ಕಗಳಲ್ಲಿ ಎರಡು 'ನೀಲಾ', ಎರಡು 'ಮನ್ಯಾ' ಎಂಬ ನಾಲ್ಕು ಧಮನಿಗಳಿವೆಯೆಂದೂ, ಅವಕ್ಕೆ ಪೆಟ್ಟಾದರೆ ಮಾತು ನಿಲ್ಲುವುದು, ದನಿ ಕೆಡುವುದು, ರುಚಿ ತಿಳಿಯದಾಗುವುದು ಎಂದೂ ಹೇಳಿದೆ. ಕೊರಳಿನ ಇಕ್ಕೆಲಗಳ 'ಮಾತೃಕಾ' ಎಂಬ ಸಿರೆಗಳಿಗೆ ಘಾತವಾದರೆ ಕೂಡಲೇ ಮರಣವೆಂದಿದೆ. ತಲೆಯೂ ಕತ್ತೂ ಕೂಡುವಲ್ಲಿನ 'ಕೃಕಾಟಿಕಾ' ಮರ್ಮಕ್ಕೆ ಏಟು ಬಿದ್ದರೆ ತಲೆ ನಿಲ್ಲದೆ ಅಲುಗುವುದಂತೆ. ಇಂದಿನ ಶರೀರಶಾಸ್ತ್ರದ ಒಂದೊಂದು ನಾಳಕ್ಕೂ ಈ ಹೆಸರುಗಳನ್ನು ಗಂಟುಹಾಕಿ, 'ಎಲ್ಲವೂ ನಮ್ಮಲ್ಲಿತ್ತು' ಎಂದು ಬೀಗುವ ಚಪಲ ನನಗಿಲ್ಲ. ಆದರೆ ಕೊರಳಿನ ನಾಳ ಕೆಟ್ಟರೆ ನಾಲಗೆ ತೊದಲುತ್ತದೆಂಬ ಸಂಬಂಧವನ್ನು ಕಣ್ಣಿಟ್ಟು ಗುರುತಿಸಿದವರು ಇದ್ದರು ಎಂಬುದಂತೂ ದಿಟ. ಆ ಭಾಗವನ್ನು ಮರ್ಮವೆಂದು ಕರೆದ ನಾಡಿನಲ್ಲಿ ಅದನ್ನೇ ಹಿಡಿದು ಲಟಕ್ಕೆನಿಸುವುದು ಸೋಜಿಗ.

ಧಮನಿಯ ಗೋಡೆಗೆ ಮೂರು ಪದರ. ರಕ್ತಕ್ಕೆ ತಾಗಿದ ತೆಳ್ಳನೆಯ ಒಳಪೊರೆ, ಹಿಗ್ಗಿ ಕುಗ್ಗಬಲ್ಲ ನಡುಪದರ, ಹೊರಗಿನ ಗಟ್ಟಿ ಹೊದಿಕೆ. ಬಾಳೆಯ ದಿಂಡನ್ನು ಬಿಡಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಳಪೊರೆಯಲ್ಲಿ ಸಣ್ಣದೊಂದು ಸೀಳು ಬಿದ್ದರೆ ರಕ್ತ ತನ್ನ ದಾರಿಯನ್ನು ಬಿಟ್ಟು ಗೋಡೆಯೊಳಕ್ಕೆ ನುಗ್ಗುತ್ತದೆ. ಕೆಲವರಲ್ಲಿ ಗೋಡೆಯೊಳಗಿನ ಸಣ್ಣ ನಾಳವೇ ಒಡೆದು ಅಲ್ಲಿ ರಕ್ತ ತುಂಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾರೆಯ ಹಿಂದೆ ನೀರಿಳಿದು ಗೋಡೆ ಕೋಣೆಯೊಳಕ್ಕೆ ಬಸುರಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದೂ ಅದೇ ಬಗೆ. ಪದರ ಉಬ್ಬಿ ದಾರಿ ಇಕ್ಕಟ್ಟಾಗುತ್ತದೆ. ಇಲ್ಲವೇ ಸೀಳಿನ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಚೂರೊಂದು ಪ್ರವಾಹದೊಡನೆ ಮೇಲೇರಿ ಮಿದುಳಿನ ಕಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಸಂಭವಿಸುವುದನ್ನೇ ನಾವು ಲಕ್ವ, ಪಾರ್ಶ್ವವಾಯು ಎನ್ನುವುದು. ವೈದ್ಯರು ಈ ಸೀಳಿಗೆ 'ಡಿಸೆಕ್ಷನ್' ಎನ್ನುತ್ತಾರೆ. ಶವಚ್ಛೇದಕ್ಕೂ ಅದೇ ಶಬ್ದವಾದ್ದರಿಂದ ನಾನು 'ಪದರಸೀಳು' ಎಂದು ಬಳಸುತ್ತೇನೆ. ಇದಕ್ಕಿಂತ ಒಳ್ಳೆಯದನ್ನು ಯಾರಾದರೂ ಟಂಕಿಸಿಕೊಟ್ಟರೆ ಕೃತಜ್ಞ.

ಲಕ್ವ ಮುಪ್ಪಿನವರ ರೋಗ, ಸಕ್ಕರೆಕಾಯಿಲೆಯವರ ರೋಗ, ತುಪ್ಪ ಉಂಡು ಕೂತವರ ರೋಗ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಟ್ಟು ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ರಕ್ತದ ಹರಿವು ಕಟ್ಟಿ ಬರುವ ಪಾರ್ಶ್ವವಾಯುಗಳನ್ನೆಲ್ಲ ಸೇರಿಸಿದರೆ ಪದರಸೀಳಿನಿಂದಾಗುವುದು ನೂರಕ್ಕೆ ಎರಡರಷ್ಟು. ಆದರೆ ಐವತ್ತರೊಳಗಿನವರನ್ನು ಮಾತ್ರ ತೆಗೆದುಕೊಂಡರೆ ಈ ಪ್ರಮಾಣ ನೂರಕ್ಕೆ 10ರಿಂದ 25ರವರೆಗೆ ಏರುತ್ತದೆ. ಇದು ಹೆಚ್ಚಾಗಿ ಕಾಣಿಸುವುದು ನಲವತ್ತೈದರ ಆಸುಪಾಸಿನಲ್ಲಿ. ಅಂದರೆ ತೋಟ ಮಾಡುವ, ಪಾಠ ಹೇಳುವ, ಮಕ್ಕಳನ್ನು ಓದಿಸುವ ವಯಸ್ಸಿನಲ್ಲಿ. ನನ್ನ ವಯಸ್ಸೂ ಅದೇ; ಈ ವಿಷಯವನ್ನು ನಾನು ಆಸಕ್ತಿಯಿಂದ ಓದಿದುದಕ್ಕೆ ಅದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

2024ರಲ್ಲಿ ಬಳ್ಳಾರಿ ಕಡೆಯ ಮೂವತ್ತು ವರ್ಷದ ತರುಣನೊಬ್ಬನ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಕ್ಷೌರಕ್ಕೆ ಹೋದವನಿಗೆ ತಲೆ ತಿಕ್ಕಿ, ಕೊನೆಯಲ್ಲಿ ಪುಕ್ಕಟೆಯಾಗಿ ಕತ್ತನ್ನು ತಿರುಚಿ ನೆಟಿಗೆ ತೆಗೆದರು. ಆ ಕ್ಷಣದಲ್ಲಿಯೇ ಕತ್ತಿನಲ್ಲಿ ಅಸಾಧ್ಯವಾದ ನೋವು ಕಾಣಿಸಿತು. ಅವನು ಅದನ್ನು ಲಕ್ಷಿಸದೆ ಮನೆಗೆ ಹೋದ. ಕೆಲವು ಗಂಟೆಗಳಲ್ಲಿ ಮಾತು ಹೋಯಿತು, ಎಡಪಕ್ಕ ಬಲಗುಂದಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕೊರಳಿನ ಕೆರಾಟಿಡ್ ಧಮನಿಯ ಗೋಡೆ ಸೀಳಿ ಮಿದುಳಿಗೆ ರಕ್ತ ಸಾಲದಾಗಿದ್ದುದು ಕಂಡುಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಟ್ಟರು. ಅವನು ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಓದಿದವರೆಲ್ಲರೂ ಕ್ಷೌರಿಕನನ್ನು ಬೈದರು. ನನಗೆ ಅನ್ನಿಸಿದ್ದು ಬೇರೆ. ಅದೇ ದಿನ ಈ ನಾಡಿನಲ್ಲಿ ಸಾವಿರಾರು ಕತ್ತುಗಳು ಲಟಕ್ಕೆಂದಿರಬೇಕು. ಅವರೆಲ್ಲರೂ ತಲೆ ಬಾಚಿಕೊಂಡು ಸುಖವಾಗಿ ಮನೆಗೆ ಹೋದರು. ಇವನೊಬ್ಬನದು ಏಕೆ ಸೀಳಿತು?

ನಮ್ಮ ತರ್ಕಶಾಸ್ತ್ರದವರು ಮಾಡಿಟ್ಟ ಒಂದು ವಿಂಗಡಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಗಡಿಗೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಕತ್ತಿನ ತಿರುಚು ನಿಮಿತ್ತ. ಗೋಡೆಯ ಗುಣ ಉಪಾದಾನ. ಎರಡೂ ಕೂಡಿದಲ್ಲಿ ಅನಾಹುತ. 1978ರಲ್ಲಿ ಮಿಲ್ಲರ್ ಫಿಶರ್ ಎಂಬ ನರವೈದ್ಯರೂ ಅವರ ಸಂಗಡಿಗರೂ ಕೊರಳು ಮತ್ತು ಮಿದುಳಿನ ಧಮನಿಗಳು ತಾವಾಗಿಯೇ ಸೀಳುವುದನ್ನು ಕುರಿತು ಬರೆದರು. ಅಲ್ಲಿಂದೀಚೆಗೆ ಧಮನಿಯ ಚಿತ್ರ ತೆಗೆಯುವ ಉಪಕರಣಗಳು ಸುಧಾರಿಸಿದಂತೆಲ್ಲ, ಅಪರೂಪವೆಂದು ತಿಳಿದಿದ್ದ ಈ ರೋಗ ಅಷ್ಟು ಅಪರೂಪದ್ದಲ್ಲವೆಂದು ತಿಳಿಯುತ್ತ ಬಂದಿದೆ. ದೊಡ್ಡ ಅಪಘಾತದಲ್ಲಿ ಕತ್ತಿಗೆ ಏಟು ಬಿದ್ದು ಸೀಳುವುದು ಒಂದು ಬಗೆ. ಹೆಚ್ಚಿನವರಲ್ಲಿ ಅಂಥದೇನೂ ನಡೆದಿರುವುದಿಲ್ಲ. ಕೇಳಿ ಕೇಳಿ ನೋಡಿದರೆ ಏನೋ ಒಂದು ಕ್ಷುಲ್ಲಕ ಸಂಗತಿ ಹೊರಬೀಳುತ್ತದೆ. ಜೋರಾಗಿ ಸೀನಿದ್ದು, ಕೆಮ್ಮಿದ್ದು, ವಾಂತಿ ಮಾಡಿದ್ದು, ಭಾರವಾದ ಮೂಟೆ ಎತ್ತಿದ್ದು, ವಾಹನ ಹಿಂದೆಗೆಯುವಾಗ ಕತ್ತು ಹೊರಳಿಸಿದ್ದು, ಸೂರಿಗೆ ಬಣ್ಣ ಬಳಿಯಲು ದಿನವೆಲ್ಲ ತಲೆ ಹಿಂದಕ್ಕೆ ಬಾಗಿಸಿದ್ದು. ಇಂಥವುಗಳಿಂದ ಎಲ್ಲರ ಧಮನಿಯೂ ಸೀಳುವುದಾದರೆ ಪ್ರಪಂಚದಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಉಪಾದಾನವನ್ನು ಹುಡುಕದೆ ವಿಧಿಯಿಲ್ಲ.

ಹುಡುಕಿದವರಿಗೆ ಸಿಕ್ಕಿರುವುದು ಒಂದೇ ಅಪರಾಧಿಯಲ್ಲ. ಹುಟ್ಟಿನಿಂದಲೇ ದೇಹದ ಕಟ್ಟುನಾರು ದುರ್ಬಲವಾಗಿರುವ ಕೆಲವು ವಂಶಪಾರಂಪರ್ಯ ರೋಗಗಳುಂಟು. ಎಹ್ಲರ್ಸ್-ಡಾನ್ಲೋಸ್ ಎಂಬ ರೋಗಸಮೂಹದಲ್ಲಿ ರಕ್ತನಾಳವನ್ನು ಹಿಡಿಯುವ ಬಗೆ, ಮಾರ್ಫಾನ್ ರೋಗ ಮೊದಲಾದವು. ಇಂಥವರ ನಾಳಗಳು ಹಳೆಯ ಬಟ್ಟೆಯಂತೆ ಸುಲಭವಾಗಿ ಹರಿಯುತ್ತವೆ. ಆದರೆ ಪದರಸೀಳಿನ ರೋಗಿಗಳಲ್ಲಿ ಇವರು ನೂರಕ್ಕೆ ಕೆಲವರು ಮಾತ್ರ. ಧಮನಿಯ ನಡುಪದರದ ಜೀವಕೋಶಗಳು ಕ್ರಮ ತಪ್ಪಿ ಬೆಳೆದು, ಚಿತ್ರದಲ್ಲಿ ನಾಳವೇ ಮಣಿಸರದಂತೆ ಕಾಣುವ ಇನ್ನೊಂದು ವಿಕಾರವಿದೆ. ಅದುಳ್ಳವರಿಗೂ ಅಪಾಯ ಹೆಚ್ಚು. ಕಿವಿಯ ಕೆಳಗೆ ಮುಳ್ಳಿನಂತೆ ಚಾಚಿರುವ ಎಲುಬು ಕೆಲವರಲ್ಲಿ ಮಾಮೂಲಿಗಿಂತ ಉದ್ದವಾಗಿದ್ದು, ತಲೆ ತಿರುಗಿಸಿದಾಗ ಪಕ್ಕದ ಧಮನಿಯನ್ನು ಒತ್ತುವುದೂ ಉಂಟು.

ಅರೆತಲೆನೋವು ಇರುವವರಲ್ಲಿ ಪದರಸೀಳು ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದು ವಿಷಯವನ್ನು ಮತ್ತಷ್ಟು ಜಟಿಲಗೊಳಿಸುತ್ತದೆ. ಏಕೆಂದರೆ ಇಪ್ಪತ್ತು ವರ್ಷದಿಂದ ತಲೆನೋವನ್ನು ಸಹಿಸಿ ಬಂದವರು ಹೊಸ ಬಗೆಯ ನೋವನ್ನೂ ಹಳೆಯ ಖಾತೆಗೇ ಬರೆದುಬಿಡುತ್ತಾರೆ. ರಕ್ತದ ಒತ್ತಡ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತದೆ. ಹೋಮೋಸಿಸ್ಟೀನ್ ಎಂಬ ವಸ್ತು ರಕ್ತದಲ್ಲಿ ಏರುವುದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಸೂಚಿಸುವ ಅಧ್ಯಯನಗಳಿವೆ. ಬಿ-12 ಜೀವಸತ್ವ ಸಾಲದ ಶಾಕಾಹಾರಿಗಳಲ್ಲಿ ಅದು ಏರುವುದುಂಟು. ಆಶ್ಚರ್ಯವೆಂದರೆ ಕೊಬ್ಬಿನ ವಿಷಯ. ಉಳಿದ ಪಾರ್ಶ್ವವಾಯುಗಳಲ್ಲಿ ಮುಖ್ಯ ಆರೋಪಿಗಳಾದ ಸ್ಥೂಲಕಾಯ ಮತ್ತು ಕೊಲೆಸ್ಟರಾಲು ಇಲ್ಲಿ ತಿರುವುಮುರುವು: ಪದರಸೀಳಿನ ರೋಗಿಗಳು ಸರಾಸರಿಯಲ್ಲಿ ಇತರರಿಗಿಂತ ತೆಳ್ಳಗೆ, ತುಸು ಎತ್ತರವಾಗಿ, ಕೊಲೆಸ್ಟರಾಲು ಕಡಿಮೆಯುಳ್ಳವರಾಗಿ ಕಂಡುಬಂದಿದ್ದಾರೆ. 'ನನ್ನದು ಕಡ್ಡಿಯಂಥ ಮೈ, ನನಗೇನು ಲಕ್ವ' ಎಂಬ ಧೈರ್ಯ ಇಲ್ಲಿ ನಡೆಯದು. 2015ರಲ್ಲಿ ಪ್ರಕಟವಾದ ದೊಡ್ಡದೊಂದು ವಂಶವಾಹಿ ಅಧ್ಯಯನದಲ್ಲಿ ಪಾಶ್ಚಾತ್ಯ ವಿಜ್ಞಾನಿಗಳು ಈ ಅಪಾಯದೊಡನೆ ತಳಕು ಹಾಕಿಕೊಂಡ ಒಂದು ತಾಣವನ್ನೂ ಗುರುತಿಸಿದ್ದಾರೆ. ಅರೆತಲೆನೋವಿಗೂ ಆ ತಾಣಕ್ಕೂ ನಂಟಿರುವುದು ಮೊದಲೇ ತಿಳಿದಿತ್ತು.

ನಮ್ಮ ಸೀಮೆಗೆ ಹತ್ತಿರವಾದ ಕಾರಣವೊಂದುಂಟು, ಅದು ಸೋಂಕು. ನೆಗಡಿ, ಗಂಟಲುನೋವು, ಜ್ವರ ಬಂದುಹೋದ ಮುಂದಿನ ದಿನಗಳಲ್ಲಿ, ಕೆಲವು ವಾರಗಳವರೆಗೆ, ಪದರಸೀಳಿನ ಸಂಭವ ಹೆಚ್ಚು. ಕೆಮ್ಮಿ ಕೆಮ್ಮಿ ಗೋಡೆಗೆ ಎಳೆತ ಬೀಳುವುದಷ್ಟೇ ಇದಕ್ಕೆ ಕಾರಣವಲ್ಲ. ಕೆಮ್ಮಿನ ಪಾತ್ರವನ್ನು ಲೆಕ್ಕದಿಂದ ತೆಗೆದ ಮೇಲೂ ಸಂಬಂಧ ಉಳಿಯುತ್ತದೆ. ಸೋಂಕಿನಿಂದ ಎದ್ದ ಉರಿಯೂತ ಧಮನಿಯ ಗೋಡೆಯನ್ನೂ ತಾತ್ಕಾಲಿಕವಾಗಿ ಸಡಿಲಿಸುತ್ತದೆಂದು ಊಹೆ. ಶೀತ ದೇಶಗಳಲ್ಲಿ ಶರತ್ತು, ಹೇಮಂತಗಳಲ್ಲಿ ಈ ರೋಗ ಹೆಚ್ಚಾಗಿ ಕಾಣುವುದೂ ಇದಕ್ಕೆ ಹೊಂದುತ್ತದೆ. ಮಲೆನಾಡಿನ ಆಷಾಢವನ್ನು ನೆನೆಯಿರಿ. ಮನೆಯಲ್ಲಿ ಎಲ್ಲರಿಗೂ ನೆಗಡಿ. ವಾರವೆಲ್ಲ ಕೆಮ್ಮಿ ಮಲಗಿದವನಿಗೆ ಏಳುವಾಗ ಕತ್ತು ಹಿಡಿದುಕೊಂಡಿದೆ. 'ದಿಂಬು ಸರಿಯಾಗಲಿಲ್ಲ, ತೆಗೆಸಿಕೊಂಡು ಬಾ' ಎಂದು ಹಿರಿಯರು ಹೇಳುತ್ತಾರೆ.

ಬಾಣಂತಿಯರ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮುಂದಿನ ಕೆಲವು ವಾರಗಳಲ್ಲಿ ಪದರಸೀಳು ಸಂಭವಿಸುವುದನ್ನು ವೈದ್ಯರು ಗುರುತಿಸಿದ್ದಾರೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ತಲೆ, ಕತ್ತು ಸಿಡಿಯುತ್ತಿದೆಯೆಂದರೆ ಶೀತವಾಯಿತು, ತಲೆಗೆ ಬಟ್ಟೆ ಕಟ್ಟಲಿಲ್ಲ, ಗಾಳಿಗೆ ಕೂತಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಿಸಿನೀರಿನ ಉಪಚಾರ ತಪ್ಪಲ್ಲ; ಉತ್ತರ ಮೊದಲೇ ಸಿದ್ಧವಾಗಿರುವುದು ತೊಂದರೆ.

ಅಡಕೆ ತೋಟದ ಮಾತನ್ನೂ ಹೇಳಿಬಿಡುತ್ತೇನೆ. ಕೊನೆಗಾರರು ಮರ ಹತ್ತಿ ಕೊನೆ ಇಳಿಸುತ್ತಿದ್ದ, ಔಷಧಿ ಹೊಡೆಯುತ್ತಿದ್ದ ಕಾಲ ಕಡಿಮೆಯಾಗುತ್ತ ಬಂದು, ಕೆಲವು ವರ್ಷಗಳಿಂದ ಹಗುರವಾದ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಬೋರ್ಡೋ ದ್ರಾವಣ ಹೊಡೆಯಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ತಪ್ಪಿತು. ಅದೇನು ಸಾಮಾನ್ಯ ಉಪಕಾರವಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಕತ್ತನ್ನು ಹಿಂದಕ್ಕೆ ಚೆಲ್ಲಿ ಆಕಾಶ ನೋಡುತ್ತ ನಿಲ್ಲುವ ಭಂಗಿ, ವೈದ್ಯರು ಹೇಳುವ ಸೂರಿಗೆ ಬಣ್ಣ ಬಳಿಯುವವನ ಭಂಗಿಯೇ ಅಲ್ಲವೆ? ಇದು ನನ್ನ ಸ್ವಂತ ಹೋಲಿಕೆ. ಬೆದರಿ ದೋಟಿಯನ್ನು ಅಟ್ಟಕ್ಕೇರಿಸಬೇಕೆಂದು ನಾನು ಹೇಳುತ್ತಿಲ್ಲ. ಆಗಾಗ ತಲೆ ತಗ್ಗಿಸಿ ಒಂದು ಕವಳ ಹಾಕುವಷ್ಟು ಬಿಡುವು ತೆಗೆದುಕೊಂಡರೆ ತೋಟದವರು ಬೇಡವೆನ್ನಲಾರರು.

ಹಿಂದಕ್ಕೆ ಬಾಗಿದ ಕತ್ತಿನ ಕಥೆ ಹೊರನಾಡುಗಳಲ್ಲಿಯೂ ಉಂಟು. 1972ರಲ್ಲಿ ರಿಚಿ ರಸೆಲ್ ಎಂಬ ಇಂಗ್ಲೆಂಡಿನ ನರವೈದ್ಯರು ಯೋಗಾಸನದ ಕೆಲವು ಭಂಗಿಗಳಿಂದ ವರ್ಟಿಬ್ರಲ್ ಧಮನಿಗೆ ತೊಂದರೆಯಾಗಬಹುದೆಂದು ಎಚ್ಚರಿಸಿದರು. 1993ರಲ್ಲಿ ವೈಂಟ್ರಾಬ್ ಎಂಬ ಅಮೆರಿಕದ ವೈದ್ಯರು ಕೇಶಾಲಂಕಾರದ ಅಂಗಡಿಯಲ್ಲಿ ತಲೆ ತೊಳೆಸಿಕೊಳ್ಳಲು ತೊಟ್ಟಿಯ ಅಂಚಿಗೆ ಕತ್ತನ್ನು ಚೆಲ್ಲಿ ಕೂತು, ಆಮೇಲೆ ಪಾರ್ಶ್ವವಾಯುವಿಗೆ ಒಳಗಾದ ಐವರ ವೃತ್ತಾಂತವನ್ನು ಪ್ರಕಟಿಸಿದರು. ಕ್ರಿಕೆಟ್ ಪ್ರಿಯರಾದ ನನ್ನ ವಿದ್ಯಾರ್ಥಿಗಳಿಗಂತೂ ಫಿಲಿಪ್ ಹ್ಯೂಸ್‌ನ ಹೆಸರು ಹೇಳಿದರೆ ಸಾಕು. 2014ರ ನವೆಂಬರ್ 25ರಂದು ಸಿಡ್ನಿ ಮೈದಾನದಲ್ಲಿ ಅರವತ್ಮೂರು ಓಟ ಗಳಿಸಿ ಆಡುತ್ತಿದ್ದಾಗ, ಪುಟಿದೆದ್ದ ಚೆಂಡು ಶಿರಸ್ತ್ರಾಣದ ಕೆಳಗೆ ಕತ್ತಿಗೆ ತಗುಲಿತು. ವರ್ಟಿಬ್ರಲ್ ಧಮನಿ ಸೀಳಿ ಮಿದುಳಿನ ಸುತ್ತ ರಕ್ತ ಹರಡಿತು. ಎರಡು ದಿನಗಳ ಮೇಲೆ ಆತ ತೀರಿಕೊಂಡ. ಇಪ್ಪತ್ತಾರು ತುಂಬಲು ಮೂರು ದಿನ ಉಳಿದಿತ್ತು. ತಲೆಗೆ ಕಬ್ಬಿಣದ ಜಾಲರಿ ತೊಡಿಸಿದ್ದವರು ಕೊರಳನ್ನು ಮರೆತಿದ್ದರು. ಆಸ್ಟ್ರೇಲಿಯಾದಲ್ಲಿ ವೇಗದ ಎಸೆತ ಎದುರಿಸುವವರಿಗೆ ಕತ್ತಿನ ರಕ್ಷೆ ಕಡ್ಡಾಯವಾದದ್ದು 2023ರಲ್ಲಿ.

ನಮ್ಮಲ್ಲಿ ಹೊಲದಂಚಿಗೆ, ತೋಟದ ಬೇಲಿಗೆ, ಮನೆಯ ಬಾಗಿಲಿಗೆ 'ಸಿಗಂದೂರು ಚೌಡೇಶ್ವರಿಯ ಕಾವಲಿದೆ' ಎಂಬ ಫಲಕ ಹಾಕುವ ಪದ್ಧತಿಯಿದೆ. ಅಡಕೆಗೊನೆಯ ಕಳ್ಳ ಆ ಫಲಕಕ್ಕೆ ಹೆದರುತ್ತಾನೆ. ಕಾವಲು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಇದೇ ಚೌಡಿಯ ಹೆಸರು ಇನ್ನೊಂದು ಕಡೆಯೂ ಬರುವುದುಂಟು. ಬನದ ಕಡೆಯಿಂದ ಬಂದವನು ತಲೆ ತಿರುಗಿ ಕೂತ, ನಾಲಗೆ ತೊದಲಿತು, ಬಾಯಿ ಸೊಟ್ಟಗಾಯಿತು ಎಂದರೆ 'ಚೌಡಿ ಮುಟ್ಟಿದೆ' ಎನ್ನುವ ಹಿರಿಯರು ಈಗಲೂ ಇದ್ದಾರೆ. ತಾಯಿ ಕಾಯುವವಳು ಎಂದು ನಂಬಿ ಹರಕೆ ಹೊರುವವರೇ ಅವಳು ನಾಲಗೆ ಹಿಡಿದೆಳೆದಳೆಂದು ಹೇಳುವುದು ನನಗೆ ಎಂದೂ ಅರ್ಥವಾಗಿಲ್ಲ. ಹರಕೆಯನ್ನು ಆಮೇಲೆ ಸಲ್ಲಿಸಿದರೂ ಅವಳು ಬೇಸರಿಸಳು.

ಪದರಸೀಳು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಕತ್ತಿನ ಒಂದು ಪಕ್ಕದಲ್ಲಿ, ಇಲ್ಲವೇ ಹೆಡತಲೆಯಲ್ಲಿ, ಕೆಲವೊಮ್ಮೆ ಮುಖದ ಒಂದು ಭಾಗದಲ್ಲಿ ಅಥವಾ ಕಣ್ಣಿನ ಸುತ್ತ, ಹಿಂದೆಂದೂ ಅರಿಯದ ಬಗೆಯ ನೋವು. ಕೆಲವರಿಗೆ ಕಿವಿಯಲ್ಲಿ ನಾಡಿಯ ಬಡಿತದೊಡನೆ ಸರಿಗೂಡಿದ ಒಂದು ಸದ್ದು. ಕೆಲವರಿಗೆ ಅದೇ ಪಕ್ಕದ ಕಣ್ಣಿನ ರೆಪ್ಪೆ ತುಸು ಜೋತುಬಿದ್ದು, ಪಾಪೆ ಕಿರಿದಾಗುತ್ತದೆ. 1869ರಲ್ಲಿ ಹಾರ್ನರ್ ಎಂಬ ಸ್ವಿಟ್ಜರ್ಲೆಂಡಿನ ನೇತ್ರವೈದ್ಯರು ಬಣ್ಣಿಸಿದ ಲಕ್ಷಣವಿದು. ಕಣ್ಣಿಗೆ ಹೋಗುವ ಸೂಕ್ಷ್ಮ ನರತಂತುಗಳು ಕೆರಾಟಿಡ್ ಧಮನಿಯ ಮೈಮೇಲೆಯೇ ಹಬ್ಬಿ ಏರುವುದರಿಂದ, ಗೋಡೆ ಉಬ್ಬಿದರೆ ಅವು ನಲುಗುತ್ತವೆ. ಕಣ್ಣು ಕಿರಿದಾಯಿತೆಂದು ಕಣ್ಣಿಗೆ ಮದ್ದು ಹಾಕಿದರೆ ಪ್ರಯೋಜನವೇನು? ಹಿಂದಿನ ಧಮನಿ ಸೀಳಿದರೆ ತಲೆಸುತ್ತು, ವಾಂತಿ, ಎರಡೆರಡಾಗಿ ಕಾಣುವುದು, ನುಂಗಲಾರದೆ ಹೋಗುವುದು, ನಡೆ ತಪ್ಪುವುದು. ಇವನ್ನು ಪಿತ್ತವೆಂದುಕೊಳ್ಳುವುದು ಬಹಳ ಸುಲಭ. ನೋವು ಶುರುವಾದುದಕ್ಕೂ ಲಕ್ವ ಬಡಿಯುವುದಕ್ಕೂ ನಡುವೆ ಗಂಟೆಗಳು, ದಿನಗಳು, ಒಮ್ಮೊಮ್ಮೆ ವಾರವೇ ಇರುತ್ತದೆ. ಎಷ್ಟೋ ಮಂದಿಗೆ ಲಕ್ವ ಬಡಿಯುವುದೇ ಇಲ್ಲ. ನಾಲ್ಕು ದಾರಿಗಳೂ ಮಿದುಳಿನ ಬುಡದಲ್ಲಿ ಒಂದು ಬಳೆಯಾಗಿ ಕೂಡಿಕೊಂಡಿರುವುದರಿಂದ, ಒಂದು ಇಕ್ಕಟ್ಟಾದರೆ ಉಳಿದವು ನಡೆಸಿಕೊಂಡು ಹೋಗುತ್ತವೆ. 1664ರಲ್ಲಿ ಥಾಮಸ್ ವಿಲ್ಲಿಸ್ ವರ್ಣಿಸಿದ ಈ ಬಳೆ ಪ್ರಕೃತಿಯ ದೊಡ್ಡ ಉಪಕಾರ.

ಈ ನಡುಗಾಲವೇ ನನ್ನನ್ನು ಕಾಡುವುದು. ಗೋಡೆ ಆಗಲೇ ಸೀಳಿದೆ. ಅದರ ಗುರುತಾಗಿ ಕತ್ತು ನೋಯುತ್ತಿದೆ. ನೋಯುತ್ತಿರುವುದರಿಂದ ಅವನು ಕತ್ತು ತಿರುಗಿಸುವವನ ಬಳಿಗೆ ಹೋಗುತ್ತಾನೆ. ಕೆನಡದ ಒಂಟಾರಿಯೋ ಪ್ರಾಂತದಲ್ಲಿ ಈ ಗಂಟನ್ನು ಬಿಡಿಸಲು ಯತ್ನಿಸಿದರು. ಹಿಂಭಾಗದ ಧಮನಿಗಳಿಂದಾದ ಪಾರ್ಶ್ವವಾಯುವಿಗಾಗಿ ಆಸ್ಪತ್ರೆ ಸೇರಿದ 818 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವದು. ಅವರಲ್ಲಿ ನಲವತ್ತೈದರೊಳಗಿನವರು ಕತ್ತು ತಿರುಗಿಸುವ ಚಿಕಿತ್ಸಕರ ಬಳಿಗೆ ಹೋಗಿದ್ದುದು ಇತರರಿಗಿಂತ ಹೆಚ್ಚಾಗಿತ್ತು. ಆದರೆ ಕತ್ತನ್ನು ಮುಟ್ಟದೆ ಮಾತ್ರೆ ಬರೆದುಕೊಡುವ ಸಾಮಾನ್ಯ ವೈದ್ಯರ ಬಳಿಗೆ ಹೋಗಿದ್ದುದೂ ಅದೇ ರೀತಿ ಹೆಚ್ಚಾಗಿತ್ತು. ಅಂದರೆ ಕೆಲವರಲ್ಲಿಯಾದರೂ ನೋವು ಮೊದಲು, ಚಿಕಿತ್ಸಕ ಆಮೇಲೆ. ಕಾರಣವೆಂದು ತಿಳಿದದ್ದು ಕಾರ್ಯವೂ ಆಗಿರಬಹುದು. 2014ರಲ್ಲಿ ಅಮೆರಿಕದ ಹೃದ್ರೋಗ ಸಂಘ ಹೊರಡಿಸಿದ ಹೇಳಿಕೆಯೂ ಇದೇ ತೂಕದ ಮಾತನ್ನಾಡಿತು: ತಿರುಚುವುದರಿಂದಲೇ ಸೀಳುತ್ತದೆಂದು ಸಿದ್ಧವಾಗಿಲ್ಲ, ಸಂಬಂಧವಂತೂ ಇದೆ, ತಿರುಚುವ ಮುನ್ನ ಜನಕ್ಕೆ ಅದನ್ನು ತಿಳಿಸಬೇಕು. ಕ್ಷೌರಿಕನ ಮೇಲೆ ಕೊಲೆಯ ಆರೋಪ ಹೊರಿಸಲು ಈ ಪುರಾವೆ ಸಾಲದು. ಆದರೆ ಸೀಳು ಮೊದಲೇ ಇದ್ದರೂ, ಸಡಿಲಗೊಂಡ ಪದರವನ್ನು ಹಿಡಿದು ಇನ್ನೊಮ್ಮೆ ಜಗ್ಗುವುದರಿಂದ ಒಳ್ಳೆಯದಂತೂ ಆಗದು. ಉಪಾದಾನ ನಮ್ಮ ಕೈಯಲ್ಲಿಲ್ಲ: ವಂಶವಾಹಿಯನ್ನು ಬದಲಿಸಲಾರೆವು, ಶ್ರಾವಣದ ನೆಗಡಿಯನ್ನು ನಿಲ್ಲಿಸಲಾರೆವು. 'ಅಣ್ಣಾ, ಕತ್ತು ಮುಟ್ಟಬೇಡ' ಎಂದು ಕುರ್ಚಿಯಲ್ಲಿ ಕೂತು ಹೇಳುವುದು ಮಾತ್ರ ಸಾಧ್ಯ. ನಾನು ಹೇಳುತ್ತೇನೆ, ಅವರು ನಕ್ಕು, 'ಮೇಷ್ಟ್ರಿಗೆ ಹೆದರಿಕೆ' ಎನ್ನುತ್ತಾರೆ.

ರೋಗ ಪತ್ತೆಯಾದರೆ ಚಿಕಿತ್ಸೆ ಅಷ್ಟೇನೂ ಆಡಂಬರದ್ದಲ್ಲ. ಸಿ.ಟಿ. ಅಥವಾ ಎಂ.ಆರ್. ಯಂತ್ರದಲ್ಲಿ ಕೊರಳಿನ ನಾಳಗಳ ಚಿತ್ರ ತೆಗೆಯುತ್ತಾರೆ, ಎಂ.ಆರ್. ಚಿತ್ರದಲ್ಲಿ ಗೋಡೆಯೊಳಗೆ ನಿಂತ ರಕ್ತ ಬಿದಿಗೆಯ ಚಂದ್ರನಂತೆ ಬಾಗಿ ಹೊಳೆಯುತ್ತದೆ. ಆಸ್ಪಿರಿನ್ ಬಗೆಯ ಮದ್ದನ್ನೋ, ಹೆಪ್ಪುಗಟ್ಟುವುದನ್ನು ಇನ್ನಷ್ಟು ಬಲವಾಗಿ ತಡೆಯುವ ಮದ್ದನ್ನೋ ಮೂರರಿಂದ ಆರು ತಿಂಗಳು ಕೊಡುತ್ತಾರೆ. ಇವೆರಡರಲ್ಲಿ ಯಾವುದು ಮೇಲೆಂದು 250 ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಬ್ರಿಟನ್ನಿನವರು ಪ್ರಕಟಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ಗುಂಪುಗಳಲ್ಲಿಯೂ ಮತ್ತೆ ಪಾರ್ಶ್ವವಾಯು ಬಂದವರು ಬೆರಳೆಣಿಕೆಯವರು. ಬಹುಮಂದಿಯ ಧಮನಿ ಕೆಲವು ತಿಂಗಳುಗಳಲ್ಲಿ ತಾನಾಗಿ ಬೆಸೆದುಕೊಳ್ಳುತ್ತದೆ. ಆದರೆ ಲಕ್ವ ಬಡಿದೇಬಿಟ್ಟರೆ ಮಾತು ಬೇರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ನಾಲ್ಕೂವರೆ ಗಂಟೆ ಎಂದರೆ ಏನೆಂಬುದು ಶರಾವತಿಯ ಹಿನ್ನೀರಿನ ಆಚೆಯವರನ್ನು ಕೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಂದಿನಿಂದ ತುಮರಿ, ಸಿಗಂದೂರು, ಕರೂರು ಸೀಮೆಯ ಜನಕ್ಕೆ ಸಾಗರ ಎದುರಿಗೆ ಕಾಣುವ ದಡದಾಚೆಯ ಊರಾಯಿತು. ದಾಟಿಸುತ್ತಿದ್ದುದು ಲಾಂಚು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೊಳೆಬಾಗಿಲಿನಲ್ಲಿ ನೀರಿನ ಸದ್ದೊಂದೇ. ಬಳಸಿ ಹೋಗುವ ರಸ್ತೆ ಹೊಸನಗರದ ಕಾಡು ಸುತ್ತಿ ಬರುತ್ತಿತ್ತು. ಅಲ್ಲಿಂದ ನಮ್ಮ ಕಾಲೇಜಿಗೆ ಬಂದ ಎಷ್ಟೋ ಮಕ್ಕಳು ಲಾಂಚು ತಪ್ಪಿತೆಂದು ಗೈರುಹಾಜರಿಗೆ ಕಾರಣ ಕೊಡುತ್ತಿದ್ದರು. ಅದೊಂದು ನಾನು ಎರಡನೆಯ ಮಾತಿಲ್ಲದೆ ಒಪ್ಪುತ್ತಿದ್ದ ಕಾರಣ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ, ಎರಡೂವರೆ ಕಿಲೋಮೀಟರಿಗೆ ಸಮೀಪದ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ನಡುರಾತ್ರಿಯಲ್ಲಿಯೂ ಆಂಬುಲೆನ್ಸು ಈಗ ನೇರವಾಗಿ ಸಾಗರಕ್ಕೆ ಬರಬಲ್ಲದು; ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ ಸುಮಾರು 70 ಕಿಲೋಮೀಟರು.

ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ, ರೋಗಿ ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು. ಗಡಿಬಿಡಿಯಲ್ಲಿ ಯಾರಿಗೂ ಗಡಿಯಾರ ನೆನಪಿರುವುದಿಲ್ಲವಾದ್ದರಿಂದ ಮನೆಯವರಲ್ಲೊಬ್ಬರು ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಅದರ ಕೆಳಗೆ ಇನ್ನೂ ಎರಡು ಸಾಲು: ಕತ್ತು ಎಂದಿನಿಂದ ನೋಯುತ್ತಿತ್ತು, ಈ ವಾರದಲ್ಲಿ ಅದನ್ನು ಯಾರಾದರೂ ತಿರುಗಿಸಿದ್ದರೇ. ಮೂವತ್ತೈದರ ಹರೆಯದವನ ಲಕ್ವಕ್ಕೆ ಮಿದುಳಿನ ಚಿತ್ರದೊಡನೆ ಕೊರಳಿನ ಚಿತ್ರವನ್ನೂ ತೆಗೆಯಬೇಕೆಂದು ವೈದ್ಯರಿಗೆ ತೋರುವುದು ಆ ಎರಡು ಸಾಲುಗಳಿಂದ.